ಎಂಟನೆಯ ಪೆಟ್ಟು

"ಎಂಟನೇ ಪೆಟ್ಟನ್ನ ಬೇಕಂತಲೇ ಬಿಟ್ಟಿದೀರಿ ಅಲ್ವಾ ಸರ್? ಕೈತಪ್ಪಿ ಹೋದ ಯೌವನ ಅದೇ ತಾನೇ?"

ಕ್ಯಾಂಟರ್ಬರಿಯ ಚರ್ಚ್ ಹಾಲಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಇನ್ನು ಅರ್ಧ ಗಂಟೆ ಇತ್ತು. ಕೇಳಿದವನು ಸಂಗೀತ ಪತ್ರಿಕೆಯ ರೂಪರ್ಟ್. ಹತ್ತೊಂಬತ್ತರ ಹರೆಯವನ್ನು ಹಾಡುವ ಸೆಡ್ರಿಕ್ ತಂಡದ ಹದಿನೆಂಟು ನಿಮಿಷದ ರಾಕ್ ಹಾಡಿನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ಕೊಳಲಿನಲ್ಲಿ ಮೆಲ್ಲಗೆ ಶುರುವಾಗಿ, ಆರ್ಗನ್ನು ಗಿಟಾರುಗಳ ಅಬ್ಬರಕ್ಕೇರಿ, ನಡುವೆ ಎಂಟರ ಬದಲು ಏಳೇ ಪೆಟ್ಟಿನ ತಾಳಕ್ಕೆ ಹೊರಳುವ ಹಾಡು. ಅವನಿಗೆ ಅರ್ಥ ಕಾಣದ ಪೆಟ್ಟೇ ಅದರಲ್ಲಿರಲಿಲ್ಲ. ಡ್ರಮ್ ಬಾರಿಸುವ ಸೆಡ್ರಿಕ್ಕನಿಗೆ ಈಗ ಎಪ್ಪತ್ತೆರಡು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಗುಟುಕರಿಸಿದ.

ರೂಪರ್ಟ್ ಅತ್ತ ಹೋದೊಡನೆ ಸೆಡ್ರಿಕ್ ಆರ್ಗನ್ ನುಡಿಸುವ ಗ್ವೆನ್ ಕಡೆ ತಿರುಗಿದ. "ನನ್ನ ಕೈ ಸರಿಯಿಲ್ಲ, ಡ್ರಮ್ಮಿಗೆ ಬೇರೆ ಯಾರನ್ನಾದ್ರೂ ಕೂರಿಸು ಅಂದ್ರೆ ಕೇಳಲಿಲ್ಲ ನೀನು. ಇವತ್ತು ಹಾಡು ಕೆಡಿಸ್ತೀನಿ ನೋಡು."

"ಮೊದಲ ದಿನಾನೂ ಕೆಡಿಸಿದ್ದೆ. ಏನಾಯ್ತು?"

ಮೊದಲ ದಿನ ಅವನಿಗೆ ಹತ್ತೊಂಬತ್ತು. ಬೇಕರಿ ಕೆಲಸದ ಹಿಟ್ಟು ಇನ್ನೂ ಕೂದಲಲ್ಲೇ ಇತ್ತು. ಗ್ವೆನ್ ಹೇಳಿಕೊಟ್ಟದ್ದು ಎಂಟರ ತಾಳ. ಇವನು ಗಾಬರಿಯಲ್ಲಿ ಪ್ರತಿ ಸುತ್ತಿನಲ್ಲೂ ಒಂದು ಪೆಟ್ಟು ನುಂಗಿದ. ಗಿಟಾರಿನವನು ಕಿಸಕ್ಕನೆ ನಕ್ಕ. ಗ್ವೆನ್ ಮಾತ್ರ ನಿಲ್ಲಿಸದೆ ತಾನೂ ಏಳಕ್ಕೇ ನುಡಿಸತೊಡಗಿದಳು. ಮಾರನೆಯ ದಿನ ಅವನು ಬೇಕರಿ ಬಿಟ್ಟ. ಹೆಸರು, ಮನೆ, ಬದುಕು ಎಲ್ಲ ಆ ಏಳರಿಂದಲೇ ಬಂದದ್ದು.

"ಐವತ್ಮೂರು ವರ್ಷ ಆಯ್ತು ಗ್ವೆನ್. ನಿಂಗೊಂದು ಥ್ಯಾಂಕ್ಸ್ ಹೇಳೇ ಇಲ್ಲ."

"ಈಗೇನು ಸಾಯ್ತಾ ಇದೀಯಾ? ಬಿಸ್ಕತ್ತು ತಿಂದು ನಡಿ."

ವೇದಿಕೆಯ ಮೇಲೆ ಹಾಡು ನಡುವಿಗೆ ಬಂತು. ಏಳು, ಏಳು, ಏಳು. ಸೆಡ್ರಿಕ್‌ನ ಬಲಗೈ ತಡವರಿಸಿತು; ಒಂದು ಪೆಟ್ಟು ಹೋಯಿತು. ಮುಂದಿನ ಸುತ್ತಿನಲ್ಲೂ ಹೋಯಿತು. ಬೆವೆತು ತಲೆ ಎತ್ತಿದ. ಗ್ವೆನ್ ಇವನತ್ತ ನೋಡಲೂ ಇಲ್ಲ. ಗಿಟಾರಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿ ಆರಕ್ಕೆ ಇಳಿದಳು. ಹಿಂದೆಯೇ ಇಡೀ ತಂಡ ಇಳಿಯಿತು. ಸೆಡ್ರಿಕ್‌ನ ಕೈ ನಿಲ್ಲಲಿಲ್ಲ.

ಚಪ್ಪಾಳೆ ಮುಗಿಯುವ ಮೊದಲೇ ರೂಪರ್ಟ್ ಓಡಿಬಂದ. "ಆರು! ಸರ್, ಇವತ್ತು ಆರೇ ಪೆಟ್ಟು! ಇದರ ಅರ್ಥ ಏನು?"

"ಅರ್ಥಾನಾ?" ಸೆಡ್ರಿಕ್ ಡ್ರಮ್ಮಿನ ಕೋಲಿನಿಂದ ಆರ್ಗನ್ನಿನತ್ತ ತೋರಿಸಿದ. "ಅಗೋ, ಅಲ್ಲಿ ಕೂತು ಬಿಸ್ಕತ್ತು ತಿಂತಾ ಇದೆ ನೋಡು."