ಉಸಿರು ಕಾಯುವವರು

ದೊಡ್ಡ ಆಸ್ಪತ್ರೆಯಲ್ಲಾದರೆ ಐವತ್ತೈದು ಸಾವಿರ, ಮೇಲೆ ಎರಡು ದಿನದ ಹಾಸಿಗೆ. ಡಾಕ್ಟರ್ ಉತ್ಕರ್ಷರ ಕ್ಲಿನಿಕ್ಕಿನಲ್ಲಿ ಹದಿನೆಂಟು ಸಾವಿರ, ಮಧ್ಯಾಹ್ನಕ್ಕೆ ಮನೆ. ನಾಸಿಕದಲ್ಲಿ ಇಪ್ಪತ್ತಾರು ವರ್ಷದಿಂದ ಇಡ್ಲಿ-ದೋಸೆ ಹೋಟೆಲು ನಡೆಸುತ್ತಿರುವ ದೇವದಾಸರಿಗೆ ಈ ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ. ಹೆಗಲ ಹಿಂದಿನ ಗಂಟು ತೆಗೆಸಲು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕ್ಲಿನಿಕ್ಕಿನ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಯೇಬಿಟ್ಟಿದ್ದರು.

ಅರಿವಳಿಕೆ ಕೊಡುವ ಡಾಕ್ಟರ್ ಅಶ್ವಿತಾ ಮಾತ್ರ ಬಂದಿರಲಿಲ್ಲ. ಅವರು ಬರುವ ದಾರಿಯಲ್ಲಿ, ಚಾಂದವಡ್ ಹತ್ತಿರ, ಈರುಳ್ಳಿ ಲಾರಿ ಅಡ್ಡಬಿದ್ದು ರಸ್ತೆ ಬಂದ್ ಆಗಿತ್ತು.

"ಸಣ್ಣ ಡೋಸು, ನಾನೇ ಕೊಡುತ್ತೇನೆ," ಎಂದರು ಉತ್ಕರ್ಷ, ಮರಾಠಿಯಲ್ಲಿ. "ಇಪ್ಪತ್ತು ನಿಮಿಷದ ಕೆಲಸ. ಉಸಿರು ನೀವು ನೋಡಿಕೊಳ್ಳಿ, ಕಾಶಿತಾಯಿ."

ನರ್ಸ್ ಕಾಶಿಬಾಯಿ ಟ್ರೇ ಮೇಲಿಂದ ಕೈ ತೆಗೆದರು. "ಕತ್ತರಿ ಕೊಡುವವಳು ಕತ್ತರಿ ನೋಡಬೇಕು ಸರ್. ಉಸಿರು ನೋಡಲಿಕ್ಕೆ ಅದೊಂದೇ ಕೆಲಸದವರು ಬೇಕು. ಮೇಡಮ್ ಬರಲಿ."

"ನಾನೇ ಒಪ್ಪಿದ್ದೇನಲ್ಲ ಮಾರಾಯ್ತಿ, ಮಾಡಿಬಿಡಲಿ," ಎಂದು ದೇವದಾಸ ಕನ್ನಡದಲ್ಲಿ ಗದರಿದರು. "ಸಂಜೆಗೆ ನಾನು ಗಲ್ಲಾದಲ್ಲಿ ಕೂರಬೇಕು."

ಕಾಶಿಬಾಯಿ ಬೀದರ ಕಡೆಯವರು. "ನಿಮ್ಮ ಹೋಟೆಲ್‌ನ್ಯಾಗ ದೋಸಿ ಹಾಕಾಂವನೇ ಗಲ್ಲಾದಾಗೂ ಕುಂದರ್ತಾನೇನ್ರಿ?"

"ಕೂತರೆ ದೋಸೆ ಸೀದು ಹೋದೀತು!"

"ಸೀದ್ರ ಇನ್ನೊಂದು ಹಾಕ್ತೀರಿ. ಇಲ್ಲಿ ಇನ್ನೊಬ್ಬ ದೇವದಾಸ ಸಿಗಂಗಿಲ್ಲ."

ಉತ್ಕರ್ಷರ ಮುಖ ಕೆಂಪಾಗಿತ್ತು. ಆದರೂ ಸಿರಿಂಜು ಕೆಳಗಿಟ್ಟು ಕೈಗವಸು ಕಳಚಿ ಪಕ್ಕದ ಕೋಣೆಗೆ ಹೋದರು.

ಕಾಯುತ್ತ ಕೂತರೆ ಹೋಟೆಲಿನವರಿಗೆ ಹೋಟೆಲಿನದೇ ಮಾತು. "ನಾನಿಲ್ಲದ ದಿನ ರುಚಿ ಕೆಟ್ಟರೆ ಹೆಸರು ಯಾರದ್ದು ಹೇಳಿ? ಇವತ್ತೂ ಆರು ಗಂಟೆಗೆ ಎಲ್ಲ ಪಾತ್ರೆ ನೋಡಿಯೇ ಬಂದದ್ದು."

"ನೋಡಿ ಅಂದ್ರ?"

"ನೋಡುವುದು ಅಂದರೆ ನಾಲಗೆಗೆ. ಸಾಂಬಾರ್, ಎರಡು ಚಟ್ನಿ, ಉಪ್ಪಿಟ್ಟು, ಕೇಸರಿಬಾತು. ಇಡ್ಲಿ ಒಂದು ಮುರಿದೆ. ಬಾಯಿಗೆ ಹಾಕದೆ ಬೆಂದದ್ದು ತಿಳಿಯುತ್ತದಾ?"

"ಏನೂ ತಿಂದಿಲ್ಲ ಅಂತ ಸಹಿ ಮಾಡೀರಲ್ರೀ!"

"ತಿಂದಿಲ್ಲವೇ! ಅದು ತಿನ್ನುವುದಲ್ಲ, ಕೆಲಸ." ದೇವದಾಸ ನಿಜವಾಗಿಯೂ ನೊಂದುಕೊಂಡರು. ದಿನಾ ಹಾಗೆ ಆರು ಪಾತ್ರೆ ನೋಡಿದ ಮೇಲೇ ಅವರು ತಿಂಡಿಗೆ ಕೂರುವುದು.

ಕಾಶಿಬಾಯಿ ಬಾಗಿಲು ತೆಗೆದು ಡಾಕ್ಟರನ್ನು ಕರೆದರು, ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದರು. ಆಮೇಲೆ ದೇವದಾಸರ ಕಡೆ ತಿರುಗಿದರು. ಬೈಯಲಿಲ್ಲ. "ಮತ್ತಿನ್ಯಾಗ ಹೊಟ್ಟ್ಯಾಗಿಂದು ಮ್ಯಾಲೆ ಬಂದು ಉಸಿರಿನ ಕೊಳವಿಗೆ ಇಳೀತಿತ್ತಂದ್ರ, ಕತ್ತರಿ ಹಿಡ್ಕೊಂಡು ನಿಂತಾಕಿ ನಾ ಏನು ಮಾಡ್ತಿದ್ದೆ, ಅಣ್ಣಾ?"

ದೇವದಾಸ ಮೇಜಿನಿಂದ ಇಳಿದು ಚಪ್ಪಲಿ ಹುಡುಕಿದರು. ಉತ್ಕರ್ಷ ಸ್ಟೂಲಿನ ಮೇಲೆ ಕೂತರು.

"ನಾನು ಕೊಟ್ಟುಬಿಡುತ್ತಿದ್ದೆ, ಕಾಶಿತಾಯಿ."

"ಕೊಡಲಿಲ್ಲವಲ್ಲ ಸರ್," ಎಂದು ಅವರು ಟ್ರೇಗೆ ಬಟ್ಟೆ ಮುಚ್ಚಿದರು.

ಆಪರೇಷನ್ ಶುಕ್ರವಾರಕ್ಕೆ ಹೋಯಿತು. ಆ ಬೆಳಿಗ್ಗೆ ದೇವದಾಸ ಹೋಟೆಲಿನ ಅಡುಗೆಮನೆಯ ಹೊಸ್ತಿಲೂ ದಾಟದೆ ಬಂದರು. ಎಚ್ಚರವಾದಾಗ ಡಾಕ್ಟರ್ ಅಶ್ವಿತಾ ದೇವದಾಸರ ತಲೆಯ ಬಳಿ ಸುಮ್ಮನೆ ಕೂತು ಅವರ ಎದೆಯನ್ನೇ ನೋಡುತ್ತಿದ್ದರು. ಗಂಟು ಆಗಲೇ ಹೊರಗಿತ್ತು.

ಆ ಗಂಟಿನ ಹೆಸರಲ್ಲಿ ಕಳೆದದ್ದು ಎರಡು ದಿನ. ಉಳಿದುಕೊಂಡವರು ಇಬ್ಬರು: ಮೇಜಿನ ಮೇಲೆ ಮಲಗಿದ್ದವರು ಒಬ್ಬರು, ಸಿರಿಂಜು ಹಿಡಿದಿದ್ದವರು ಇನ್ನೊಬ್ಬರು.