ಹೆಂಗಸರು ಓಡಿಸಿದ ಕಾರು

"ಲೇಡೀಸ್ ಓಡಿಸಿದ ಗಾಡಿ ಸಾರ್. ಒಂಬತ್ತು ವರ್ಷದಿಂದ ನನ್ನ ಮಿಸೆಸ್ ಒಬ್ಬರದೇ ಕೈ. ತರಕಾರಿಗೆ, ದೇವಸ್ಥಾನಕ್ಕೆ, ಅಷ್ಟೇ. ಬಂದು ನೋಡಿ." ರಾಮಸ್ವಾಮಿ ಫೋನಿನಲ್ಲಿ ಹೇಳುತ್ತಿದ್ದದ್ದು ಅಡುಗೆಮನೆಯಲ್ಲಿ ರವೆ ಹುರಿಯುತ್ತಿದ್ದ ಹೆಂಡತಿ ಶಾಮಲಾಳಿಗೆ ಕೇಳಿಸಿತು. ಎಲಾ ಇವರ! ಆ ಪುಟ್ಟ ಕಾರಿನ ಸ್ಟಿಯರಿಂಗನ್ನು ಅವಳು ಮುಟ್ಟಿದ್ದು ಆಯುಧಪೂಜೆಯ ದಿನ ಕುಂಕುಮ ಇಡುವಾಗ ಮಾತ್ರ.

ಕಾರು ಅವಳ ಹೆಸರಿನಲ್ಲಿತ್ತು, ಅದು ನಿಜ. ಹೆಂಗಸರ ಹೆಸರಿಗಾದರೆ ಬ್ಯಾಂಕಿನವರು ಬಡ್ಡಿ ತುಸು ಕಡಿಮೆ ಹಾಕುತ್ತಾರೆಂದು ಹಾಗೆ ಬರೆಸಿದ್ದರು. ಅದನ್ನೇ ದೊಡ್ಡದಾಗಿ ನಂಬಿಕೊಂಡು ಅವಳು ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸನ್ನೂ ತಂದಿದ್ದಳು. "ಈ ಟ್ರಾಫಿಕ್ಕು ನಿನ್ನ ಕೈಲಾಗೋದಲ್ಲ ಕಣೇ, ಕ್ಲಚ್ ಪ್ಲೇಟ್ ಸುಟ್ಟು ಹಾಕ್ತೀಯ" ಎಂದರು ಮೊದಲ ವರ್ಷ. ಆಮೇಲೆ, ಹೊಸ ಟೈರ್ ಹಾಕಿಸಿದೀನಿ, ಈಗ ಬೇಡ. ಅದಾದ ಮೇಲೆ, ಸರ್ವೀಸಿಂದ ಈಗ ತಾನೇ ಬಂದಿದೆ, ಈಗ ಬೇಡ. ಕೊನೆಗೆ ಅವರ ಮಂಡಿಯೇ ಕೈಕೊಟ್ಟಿತು, ಕ್ಲಚ್ ಒತ್ತಲಾಗದ ಹಾಗಾಯಿತು. "ಇನ್ಮೇಲೆ ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ" ಎಂದಳು ಶಾಮಲಾ. ಅವರು ಗೊಳ್ಳೆಂದು ನಕ್ಕರು, ಮಾರನೆಯ ದಿನವೇ ಕಾರು ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದರು.

"ಕೊಡೋ ಮುಂಚೆ ಒಂದೇ ಒಂದು ರೌಂಡ್ ಓಡಿಸ್ಲೇನ್ರೀ? ಬಿಲ್ಡಿಂಗ್ ಸುತ್ತ ಸಾಕು." ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತಾ ಕೇಳಿದಳು.

"ಗಿರಾಕಿ ಬರೋ ಹೊತ್ತಿಗೆ ಗೀರು ಬೀಳಿಸ್ಬೇಕಾ? ಸುಮ್ನಿರು. ಅವರು ಕೇಳಿದ್ರೆ ನೀನೇ ಓಡಿಸ್ತಿದ್ದೆ ಅಂತ ಹೇಳು. ಹೆಚ್ಚಿಗೆ ಬಾಯಿ ಬಿಡಬೇಡ."

ಹತ್ತು ಗಂಟೆಗೆ ಜೋಗೇಶ್ವರಿಯಿಂದ ಗಂಡ ಹೆಂಡತಿ ಬಂದರು. ಉಡುಪಿ ಕಡೆಯವರು, ಧನರಾಜ್ ಮತ್ತು ಪ್ರಫುಲ್ಲಾ. ಧನರಾಜ್ ಬಾನೆಟ್ ಎತ್ತಿ ಆಯಿಲ್ ನೋಡಿದ, ಬಗ್ಗಿ ಟೈರ್ ಸವರಿದ. "ಗಾಡಿ ಓಡಿಸುವುದು ಇವಳು ಮಾರಾಯ್ರೆ. ವಿಕ್ರೋಳಿಯಲ್ಲಿ ನಮ್ಮ ಕ್ಯಾಂಟೀನ್ ಉಂಟು. ದಿನಾ ರಿಕ್ಷಾದಲ್ಲಿ ಪಾತ್ರೆ ಸಾಗಿಸಿ ಸಾಕಾಗಿದೆ."

"ನನಗೆ ಧೈರ್ಯವೇ ಇಲ್ಲ ಅಕ್ಕ" ಎಂದಳು ಪ್ರಫುಲ್ಲಾ, ಶಾಮಲಾಳ ಹತ್ತಿರ ಬಂದು. "ಲೈಸೆನ್ಸ್ ಸಿಕ್ಕಿ ಒಂದು ತಿಂಗಳು ಆದದ್ದಷ್ಟೇ. ನಿಮಗೆ ಹೆದರಿಕೆ ಆಗ್ಲಿಲ್ವಾ?"

ರಾಮಸ್ವಾಮಿ ಕೆಮ್ಮಿದರು. ಹೂಂ ಅಂದು ಮುಗಿಸಬೇಕೆಂದೇ ಇದ್ದಳು ಶಾಮಲಾ. ನಾಲಿಗೆ ಕೇಳಬೇಕಲ್ಲ!

"ಮೊದಲನೇ ಫ್ಲೈಓವರ್ ತನಕ ಕಾಲು ನಡುಗುತ್ತೆ, ಆಮೇಲೆ ಏನಿಲ್ಲ. ನಾನು ಒಬ್ಬಳೇ ಲೋನಾವಳಕ್ಕೆ ಹೋಗಿದೀನಿ, ಮಳೇಲಿ. ಘಾಟಿ ಹತ್ತುವಾಗ ಇಂಜಿನ್ ಗೊಣಗುತ್ತೆ, ಗೇರ್ ಇಳಿಸಿ, ಎಸಿ ಆಫ್ ಮಾಡಿ, ಕಿಟಕಿ ತೆಗೀರಿ. ದಾರೀಲಿ ನಿಲ್ಲಿಸಿ ಸುಟ್ಟ ಜೋಳ ತಿಂದೆ. ಹೊತ್ತಾಯ್ತು ಏಳು ಅನ್ನೋರು ಯಾರೂ ಇರ್ಲಿಲ್ಲ. ಇನ್ನೊಂದು ಜೋಳ ತಗೊಂಡು ಅದನ್ನೂ ತಿಂದೆ."

ತರಕಾರಿ, ದೇವಸ್ಥಾನ ಎಂದು ಹೇಳಿಕೊಂಡಿದ್ದ ರಾಮಸ್ವಾಮಿ ಬೆಬ್ಬೆಬ್ಬೆ ಎಂದರು. ಪ್ರಫುಲ್ಲಾಳ ಮುಖ ಮಾತ್ರ ಅರಳಿತ್ತು. "ಇದೇ ಇರ್ಲಿ. ಅಕ್ಕನಿಗೆ ಆಗಿದ್ದು ನನಗೆ ಯಾಕೆ ಆಗ್ಲಿಕ್ಕಿಲ್ಲ?" ಎಂದಳು ಗಂಡನಿಗೆ.

ವ್ಯಾಪಾರ ಕುದುರಿತು. ಕಾಗದಗಳಲ್ಲಿ ಮಾಲೀಕರು ಎಂದಿರುವ ಕಡೆಯೆಲ್ಲ ಶಾಮಲಾ ಸಹಿ ಹಾಕಿದಳು. ಕೊಳ್ಳುವಾಗ ಒಂದಷ್ಟು ಸಹಿ, ಮಾರುವಾಗ ಒಂದಷ್ಟು. ಮಾಲೀಕಳಾಗಿ ಅವಳು ಕಂಡ ಸುಖ ಇಷ್ಟೇ.

ಪ್ರಫುಲ್ಲಾ ಒಳಗೆ ಕೂತಳು, ಕಾಲು ಎಟುಕಲಿಲ್ಲ. ಸೀಟು ಮುಂದಕ್ಕೆ ಎಳೆದಳು, ಅಲ್ಲಾಡಲಿಲ್ಲ. ಧನರಾಜ್ ಕೈಹಾಕಿ ಜಗ್ಗಿದ, ಬೆರಳಿಗೆ ತುಕ್ಕು ಬಂತು. "ಇದೆಂತ ಮಾರಾಯ್ರೆ, ಈ ಸೀಟು ಜನ್ಮದಲ್ಲಿ ಮುಂದೆ ಬಂದ ಹಾಗೇ ಇಲ್ಲ!" ಪ್ರಫುಲ್ಲಾ ತನಗಿಂತ ಗೇಣುದ್ದ ಗಿಡ್ಡಗಿದ್ದ ಶಾಮಲಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಶಾಮಲಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀವು ಸುಮ್ನಿರಿ, ಗ್ಯಾರೇಜಿನವ ಎಣ್ಣೆ ಹಾಕಿ ಕೊಡ್ತಾನೆ" ಎಂದು ಗಂಡನ ಬಾಯಿ ಮುಚ್ಚಿಸಿದ ಪ್ರಫುಲ್ಲಾ, ದುಪಟ್ಟಾ ಮಡಿಸಿ ಬೆನ್ನ ಹಿಂದೆ ಇಟ್ಟುಕೊಂಡಳು. "ಬರ್ತೇನೆ ಅಕ್ಕ" ಎಂದವಳು ಮತ್ತೆ ಕತ್ತೆತ್ತಲಿಲ್ಲ.

"ಅಬ್ಬಬ್ಬಾ, ಎಂಥಾ ಸುಳ್ಳು ಹೇಳಿದ್ಯೇ! ನಿನ್ನಿಂದಲೇ ಗಾಡಿ ಹೋಯ್ತು ನೋಡು." ರಾಮಸ್ವಾಮಿಗೆ ಖುಷಿಯೋ ಖುಷಿ.

ಕಾರು ಗೇಟಿನವರೆಗೆ ಹೋಗಿ ಗಕ್ಕೆಂದು ಎಗರಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ಆಫ್. ಹಿಂದಿನಿಂದ ಒಂದು ರಿಕ್ಷಾ ಹಾರ್ನ್ ಬಾರಿಸತೊಡಗಿತು. ಪಕ್ಕದ ಸೀಟಿನಲ್ಲಿದ್ದ ಧನರಾಜ್ ಕಿಟಕಿಯಿಂದ ಕೈ ಹೊರಹಾಕಿ ರಿಕ್ಷಾದವನಿಗೆ ತಡಿ ಎಂದು ಸನ್ನೆ ಮಾಡಿದ.

"ನೋಡಿದ್ಯಾ? ಎರಡು ಸಲ ಆಫ್ ಮಾಡಿದ್ಲು" ಎಂದು ನಕ್ಕರು ರಾಮಸ್ವಾಮಿ.

ಶಾಮಲಾ ಗೇಟಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಒಂಬತ್ತು ವರ್ಷದಲ್ಲಿ ನನ್ನ ಕೈಲಿ ಅದು ಒಂದೇ ಒಂದು ಸಲ ಆಫ್ ಆಗೋಕಾದ್ರೂ ಬಿಟ್ರೇನ್ರೀ ನೀವು?"