ಮೂವರ ಸಾವು, ಏಳು ಚಳಿಗಾಲ

ಕಿಟಕಿಯೊಳಗೆ ತನ್ನದೇ ಫೋಟೋಗೆ ಕಪ್ಪು ಪಟ್ಟಿ ಕಟ್ಟಿರುವುದನ್ನು ಕಂಡು ರೋದಿಯೋನ್ ಬೆನ್ನಿನ ಚೀಲವನ್ನು ಹಿಮದ ಮೇಲೆ ಧೊಪ್ಪನೆ ಕೆಡವಿದ.

ಪೆರ್ಮ್ ಊರಿನ ಚಾರಣ ಸಂಘದ ಕೋಣೆ ಅದು. ಫೋಟೋ ಮೂರಿದ್ದವು: ಅವನದೊಂದು, ಅವನ ಪಕ್ಕದಲ್ಲೇ ಬಿಸಿಯುಸಿರು ಬಿಡುತ್ತ ನಿಂತಿದ್ದ ಯೆಫಿಮ್ ಮತ್ತು ಜೋಯಾರದು ಒಂದೊಂದು. ಮುಂದೆ ಮೂರು ಕೆಂಪು ಹೂ. ಆ ಕಡೆಯ ರೂಢಿಯಲ್ಲಿ ಬೆಸ ಸಂಖ್ಯೆಯ ಹೂ ಬದುಕಿರುವವರಿಗೆ; ಸತ್ತವರಿಗಾದರೆ ಎರಡೋ ನಾಲ್ಕೋ ಇಡಬೇಕು. ಪಾಪ, ದುಃಖದಲ್ಲಿ ಲೆಕ್ಕ ತಪ್ಪಿದ್ದಾರೆಂದು ರೋದಿಯೋನ್ ಮರುಗಿದ.

ಇಷ್ಟಕ್ಕೂ ತಪ್ಪು ಈ ಮೂವರದೇ. ಉರಾಲ್ ಬೆಟ್ಟದಿಂದ ಇಳಿದವರು ಗೊತ್ತುಪಡಿಸಿದ ದಿನ ಸಂಘಕ್ಕೆ ಟೆಲಿಗ್ರಾಂ ಕೊಡಬೇಕು. ಈ ಸಲ ಐದು ದಿನ ತಡ. ಜೋಯಾಳ ಕಾಲು ಉಳುಕಿತ್ತು. ಒಂದು ದಿನ ಎಡಗಾಲು ಕುಂಟಿದಳು, ಮರುದಿನ ಬಲಗಾಲು. ಹಳ್ಳಿಯ ಅಂಚೆ ಕಚೇರಿಗೆ ಓಡಿದ ಯೆಫಿಮ್ ಬೀಗ ಹಾಕಿದೆ ಎಂದು ಬರಿಗೈಲಿ ಬಂದ. ಹಿಂದೊಮ್ಮೆ ಅದೇ ಬೆಟ್ಟದಲ್ಲಿ ಒಂದಿಡೀ ತಂಡ ಸತ್ತಿತ್ತು, ಕಾರಣ ಇಂದಿಗೂ ಯಾರಿಗೂ ತಿಳಿಯದು. ಜನ ಹೆದರದೆ ಇರುತ್ತಾರೆಯೇ?

"ಒಳಗೆ ಹೋಗೋಣ ನಡೀರಿ," ಎಂದ ರೋದಿಯೋನ್.

ಯೆಫಿಮ್ ತೋಳು ಹಿಡಿದ. "ತಡಿಯೋ ಮಾರಾಯ! ಸತ್ತ ಮೇಲೆ ನಮ್ಮನ್ನ ಎಷ್ಟು ಹೊಗಳ್ತಾರೆ ಅಂತ ಕೇಳೋ ಯೋಗ ಎಷ್ಟು ಜನಕ್ಕಿದೆ?"

ಒಳಗೆ ಹೊಗಳಿಕೆಗಿಂತ ವಾದವೇ ಜೋರಾಗಿತ್ತು.

"ಹಿಮ ಕುಸಿದಿರ್ಬೇಕು."

"ಹೋಗೋ, ಮಿಲಿಟರಿ ರಾಕೆಟ್ಟು ಬಿದ್ದಿರೋದು!"

"ಹಿಮಮಾನವ ಕಣ್ರೋ. ಇಷ್ಟುದ್ದ ಹೆಜ್ಜೆ ಇತ್ತಂತೆ."

"ಅದು ರೋದಿಯೋನಂದೇ ಇರುತ್ತೆ. ಅವನ ಬೂಟು ನೋಡಿಲ್ವಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೂತಕದ ಮನೆಯಲ್ಲಿ ನಗು! ರೋದಿಯೋನ್‌ಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಕಪಿತೋಲೀನಾ ಎದ್ದಳು. ರೋದಿಯೋನ್ ಗಾಜಿಗೆ ಕಿವಿ ಒತ್ತಿದ. "ಈ ಬೆಟ್ಟ ಒಂದು ಮುಗೀಲಿ, ಮದುವೆ ಆಗೋಣ" ಎಂದು ಏಳು ಚಳಿಗಾಲದಿಂದ ಅವಳಿಗೆ ಹೇಳುತ್ತ ಬಂದಿದ್ದ. ಬೆಟ್ಟಗಳು ಮಾತ್ರ ಮುಗಿದಿರಲಿಲ್ಲ.

"ಒಳ್ಳೆಯವನು, ಹೋಗ್ಬಿಟ್ಟ," ಎಂದಳು ಅವಳು, ಕಿಟಕಿಯ ಕಡೆಗೇ ಮುಖ ಮಾಡಿ, ತುಸು ಗಟ್ಟಿಯಾಗಿ. "ಹಲ್ಲಿನ ಡಾಕ್ಟರ್ ಅರ್ಕಾದಿ ಮದುವೆಗೆ ಕೇಳ್ತಾನೇ ಇದ್ದಾರೆ. ನಾಳೆ ಬೆಳಿಗ್ಗೆ ಹೂಂ ಅಂದ್ಬಿಡ್ತೀನಿ."

ಬಾಗಿಲು ಗೋಡೆಗೆ ಬಡಿಯಿತು.

"ನಾನು ಬದುಕಿದ್ದೀನಿ ಕಪಾ!" ರೋದಿಯೋನ್ ಒಳಗೆ ನುಗ್ಗಿ ಕೂಗಿದ. "ಆ ಹಲ್ಲು ಕೀಳೋನು ಬೇಡ! ಬೆಟ್ಟಾನೂ ಬೇಡ! ಸೋಮವಾರವೇ ಮದುವೆ ಆಗೋಣ, ಇವರೆಲ್ಲ ಸಾಕ್ಷಿ!"

ಅವಳನ್ನು ಕಳೆದುಕೊಂಡೇಬಿಟ್ಟೆ ಎಂಬ ಭಯಕ್ಕೆ ಅವನು ನಿಜಕ್ಕೂ ಅಳುತ್ತಿದ್ದ. ಸತ್ತವನು ಎದ್ದು ಬಂದರೂ ಯಾರೂ ಕಿರುಚಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

"ಸೋಮವಾರ ಆಗಬಹುದು," ಎಂದು ಕಪಿತೋಲೀನಾ ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು. ಆಮೇಲೆ ಅವನ ಭುಜದ ಮೇಲಿಂದ, ಬಾಗಿಲಲ್ಲಿ ನಿಂತಿದ್ದ ಯೆಫಿಮ್ ಮತ್ತು ಜೋಯಾರನ್ನು ದುರುಗುಟ್ಟಿ ನೋಡಿ ಪಿಸುಗುಟ್ಟಿದಳು:

"ಎರಡು ದಿನ ತಡ ಮಾಡ್ಸಿ ಅಂದ್ರೆ ಐದು ದಿನ ಮಾಡೋದಾ? ಮೂರು ದಿನದಿಂದ, ರೈಲು ಬಂದಾಗಲೆಲ್ಲ ನಿಮ್ಮ ತಿಥಿ ಮಾಡಿ ಮಾಡಿ ಸಾಕಾಯ್ತು!"